ಹತ್ತಿ ಪಾರಖಿಯಿಂದ ಬಂದ ಅಂಕಿ

ಪುಣೆಯ ಖರಾಡಿಯಲ್ಲಿರುವ ಇಯಾನ್ ಐಟಿ ಪಾರ್ಕಿನ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಮನೆಗಳೂ ಇವೆ. ಊರಿನಿಂದ ತಂದ ಇಳಕಲ್ ಸೀರೆಯ ಕೆಂಪು ಸೆರಗನ್ನು ಅಂಥ ಮನೆಯ ಅಗ್ಗದ ಎಲ್‌ಇಡಿ ಕೆಳಗೆ ಬಿಚ್ಚಿದರೆ ಇಟ್ಟಿಗೆಯ ಬಣ್ಣಕ್ಕೆ ಇಳಿದಂತೆ ಕಾಣುವುದುಂಟು. ಬಾಲ್ಕನಿಗೆ ಒಯ್ದರೆ ಕೆಂಪು ಮರಳಿ ಬರುತ್ತದೆ. ಅಂಗಡಿಯಲ್ಲಿ ಸೀರೆ ಹಿಡಿದು ಬಾಗಿಲಿಗೆ ಬಂದು ನೋಡುವ ಹೆಂಗಸರಿಗೆ ಇದು ಹೊಸ ಸಂಗತಿಯಲ್ಲ.

ಬಾಗಿಲಿಗೆ ಹೋಗಿ ನೋಡುವ ಈ ರೂಢಿ ಅಳತೆಗೆ ಸಿಕ್ಕಿದ್ದರಲ್ಲಿ ಹತ್ತಿಯ ಪಾತ್ರವೂ ಇದೆ. ಬಣ್ಣತಜ್ಞೆ ಡೊರೊಥಿ ನಿಕರ್ಸನ್ 1927ರಲ್ಲಿ ಅಮೆರಿಕದ ಕೃಷಿ ಇಲಾಖೆ ಸೇರಿದರು. ಹತ್ತಿಯ ದರ್ಜೆ ಅದರ ಬಣ್ಣದ ಮೇಲೂ ನಿಂತಿತ್ತು. ಬಿಳಿಯೋ, ತುಸು ಹಳದಿಯೋ, ಮಂಕೋ ಎಂದು ಪರೀಕ್ಷಕರು ಉತ್ತರದ ಕಿಟಕಿಯ ಬೆಳಕಿನಲ್ಲಿ ನೋಡಿ ಹೇಳಬೇಕು. ನೇರ ಬಿಸಿಲು ಬೀಳದ ಕಾರಣ ಉತ್ತರದ ಬೆಳಕೇ ನಂಬಿಕಸ್ಥ. ಆದರೆ ಮೋಡ ಕವಿದರೆ, ಸಂಜೆಯಾದರೆ? ದೀಪ ಹಚ್ಚಲೇಬೇಕು. ಯಾವ ದೀಪ ಎಂಬಲ್ಲಿಂದ ನಿಕರ್ಸನ್ ಅವರ ಕೆಲಸ ಹಿಗ್ಗಿತು.

1965ರಲ್ಲಿ ಅಂತಾರಾಷ್ಟ್ರೀಯ ದೀಪನ ಆಯೋಗವಾದ ಸಿಐಇ, ದೀಪವೊಂದು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಅಳೆಯುವ ಒಂದು ವಿಧಾನ ಪ್ರಕಟಿಸಿತು. ಅದನ್ನು ವಿವರಿಸಿ ಅದೇ ವರ್ಷ ಲೇಖನ ಬರೆದವರಲ್ಲಿ ನಿಕರ್ಸನ್ ಒಬ್ಬರು. ಬಣ್ಣದ ಮಾದರಿಗಳ ಮೇಲೆ ಒಮ್ಮೆ ಪರೀಕ್ಷೆಯ ದೀಪ, ಒಮ್ಮೆ ಮಾದರಿ ಬೆಳಕು ಬಿದ್ದಂತೆ ಲೆಕ್ಕ ಹಾಕಿ, ಎಷ್ಟು ತಪ್ಪಿತೋ ಅಷ್ಟನ್ನು 100ರಿಂದ ಕಳೆಯುವುದು. ಆಗಿನ ವಾರ್ಮ್ ವೈಟ್ ಟ್ಯೂಬ್‌ಲೈಟಿಗೆ 50 ಬರುವಂತೆ ಮಾಪಕ ಹೊಂದಿಸಿದರು. ಇದೇ ಇಂದಿನ ಸಿಆರ್‌ಐ. ಹಳೆಯ ಬುರುಡೆ ಬಲ್ಬಿಗೆ ಹೆಚ್ಚುಕಡಿಮೆ ಪೂರಾ 100. ಕಾದ ಕಾಯದ ಬೆಳಕನ್ನೇ ಅದಕ್ಕೆ ಹೋಲಿಕೆಯಾಗಿ ಇಟ್ಟರೆ ಇನ್ನೆಷ್ಟು ಬಂದೀತು! ಈ ಲೆಕ್ಕ ನನಗೆ ಸ್ವಲ್ಪ ಸ್ವಜನಪಕ್ಷಪಾತದಂತೆ ತೋರುತ್ತದೆ.

ತೊಡಕು ಇನ್ನೊಂದಿತ್ತು. ಸರಾಸರಿಗೆ ತೆಗೆದುಕೊಂಡದ್ದು ತಿಳಿಯಾದ 8 ಬಣ್ಣಗಳನ್ನು ಮಾತ್ರ. ಗಾಢ ಕೆಂಪು 9ನೆಯದು, ಆರ್9. ಅದು ಪಟ್ಟಿಯಲ್ಲಿದ್ದೂ ಸರಾಸರಿಯ ಹೊರಗೆ ಉಳಿಯಿತು. 1996ರಲ್ಲಿ ಜಪಾನಿನ ನಿಚಿಯಾ ಕಂಪನಿ ನೀಲಿ ಎಲ್‌ಇಡಿಗೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪಿಸಿ ಬಿಳಿ ಬೆಳಕು ಮಾರಿದಾಗ ಆ ಬಿಟ್ಟ ಜಾಗ ಎದ್ದು ಕಂಡಿತು. ನೀಲಿಯೂ ಹಳದಿಯೂ ಸೇರಿ ಬಿಳಿಯಾಯಿತು, ಆದರೆ ಅದರಲ್ಲಿ ಗಾಢ ಕೆಂಪಿನ ಪಾಲು ತೀರ ಸ್ವಲ್ಪ. ಹೀಗಾಗಿ ಸಿಆರ್‌ಐ 80 ಇರುವ ಬಲ್ಬಿನ ಆರ್9 ಸೊನ್ನೆಯ ಹತ್ತಿರವಿರಬಹುದು, ಋಣಾತ್ಮಕವೂ ಆಗಬಹುದು. ಕುಂಕುಮ, ಟೊಮೆಟೊ, ಸೆರಗು ಸೋಲುವುದು ಇಲ್ಲೇ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಕೂಲ್ ಡೇಲೈಟ್ 6500ಕೆ’ ಇದಕ್ಕೆ ಉತ್ತರವಲ್ಲ. ಅದು ಬಿಳುಪಿನ ಛಾಯೆ ಹೇಳುತ್ತದೆ, ಬಣ್ಣದ ನಿಷ್ಠೆಯನ್ನಲ್ಲ. ಹುಡುಕಬೇಕಾದದ್ದು ಸಣ್ಣಕ್ಷರದ ಸಿಆರ್‌ಐ 90, ಜೊತೆಗೆ ಆರ್9 50ರ ಮೇಲಿದ್ದರೆ ಇನ್ನೂ ಒಳ್ಳೆಯದು. ಕೆಂಪು ಫಾಸ್ಫರ್ ಬೆರೆಸಿದ ಇಂಥ ಬಲ್ಬಿಗೆ ಬೆಲೆ ಜಾಸ್ತಿ. ಗಾಢ ಕೆಂಪಿಗೆ ನಮ್ಮ ಕಣ್ಣು ಅಷ್ಟಾಗಿ ಸ್ಪಂದಿಸದ ಕಾರಣ ಅದೇ ವಾಟಿಗೆ ಲ್ಯೂಮೆನ್ನೂ ತುಸು ಕಡಿಮೆ. ಇಡೀ ಮನೆಗೆ ಬೇಕಿಲ್ಲ. ಕನ್ನಡಿ, ಬೀರು, ಅಡುಗೆ ಕಟ್ಟೆಯ ಮೇಲೆ ಹಾಕಿದರೆ ಸಾಕು. ಪ್ಯಾಸೇಜಿಗೂ ಬಚ್ಚಲಿಗೂ 80ರದ್ದೇ ನಡೆಯುತ್ತದೆ.