ಹಡಪಸರಕ್ಕೆ ಕಾರ್ಪೊರೇಟರ್ ಇಲ್ಲದ ವರ್ಷಗಳು

ಪುಣೆಯ ಹಡಪಸರ ಬಡಾವಣೆಯ ಕಸ, ನೀರು, ಬೀದಿದೀಪ ಎಲ್ಲ ಪುಣೆ ಮಹಾನಗರ ಪಾಲಿಕೆಯದ್ದು. 1950ರಲ್ಲಿ ಹುಟ್ಟಿದ ಪಾಲಿಕೆಗೆ ಮೊದಲ ಚುನಾವಣೆ 1952ರಲ್ಲಿ. ಸದಸ್ಯರನ್ನು ಆರಿಸುವ ನಿಯಮ ಮಾತ್ರ ಬದಲಾಗುತ್ತಲೇ ಬಂತು. 2007ರಲ್ಲಿ ವಾರ್ಡಿಗೆ ಒಬ್ಬ ಸದಸ್ಯ, 2012ರಲ್ಲಿ ಇಬ್ಬರು, 2017ರಲ್ಲಿ ಬಹುತೇಕ ಕಡೆ ನಾಲ್ವರು! ಒಬ್ಬ ಮತದಾರನಿಗೆ ನಾಲ್ಕು ಮತ. ಚರಂಡಿ ಕಟ್ಟಿಕೊಂಡರೆ ನಾಲ್ವರಲ್ಲಿ ಯಾರ ಬಾಗಿಲು ತಟ್ಟೋದು? ನನಗಂತೂ ಇದು ಸರಿ ಕಾಣೋದಿಲ್ಲ.

2022ರ ಮಾರ್ಚಿನಲ್ಲಿ ಸದಸ್ಯರ ಅವಧಿ ಮುಗಿಯಿತು. ಒಬಿಸಿ ಮೀಸಲಾತಿ, ವಾರ್ಡ್ ವಿಂಗಡಣೆಯ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ. ಇತ್ತ ಇಡೀ ನಗರ ಆಡಳಿತಾಧಿಕಾರಿಯ ಕೈಯಲ್ಲಿ. ಬೆಂಗಳೂರಿನವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಅಲ್ಲಿ 2020ರ ಸೆಪ್ಟೆಂಬರಿನಲ್ಲೇ ಪಾಲಿಕೆ ಸದಸ್ಯರ ಅವಧಿ ಮುಗಿದಿತ್ತು.

2025ರ ಮೇ ತಿಂಗಳಲ್ಲಿ, ಚುನಾವಣೆ ನಡೆಸಿ ಎಂದು ಕೋರ್ಟ್ ಆದೇಶಿಸಿತು. ಪುಣೆ ಮತ ಹಾಕಿದ್ದು 2026ರ ಜನವರಿ 15ರಂದು.