ಹಳೆಯ ದೋಣಿಗೆ ಹೊಸ ಮೈ: ಒಡೆತನ ಯಾರದು?

ದುರಸ್ತಿಗೆಂದು ಒಪ್ಪಿಸಿದ ಸ್ವತ್ತಿಗೆ ಹೊಸ ಭಾಗಗಳು ಸೇರಿದ ಮೇಲೆ ಅದರ ಒಡೆತನ ಯಾರದು? ಯಂತ್ರವನ್ನು ವರ್ಕ್‌ಶಾಪಿಗೆ ಕಳುಹಿಸುವ ಯಾವುದೇ ಉದ್ಯಮಿಗೆ ಎದುರಾಗಬಹುದಾದ ಈ ಪ್ರಶ್ನೆ ಇಂಗ್ಲೆಂಡಿನ ಒಂದು ವೇಗದ ದೋಣಿಯ ವಿಷಯದಲ್ಲಿ ನ್ಯಾಯಾಲಯದವರೆಗೆ ಹೋಯಿತು.

ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ 'ಬ್ಲೂಬರ್ಡ್ ಕೆ7' ಜೆಟ್ ಎಂಜಿನ್ ಹೊಂದಿದ ದೋಣಿ. 1955ರಿಂದ 1964ರವರೆಗೆ ಅದು ನೀರಿನ ಮೇಲಿನ ವೇಗದಲ್ಲಿ ಏಳು ವಿಶ್ವದಾಖಲೆಗಳನ್ನು ಸ್ಥಾಪಿಸಿತು. ಕೊನೆಯದು ಗಂಟೆಗೆ 276.33 ಮೈಲಿ. 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ದೋಣಿ ಮಗುಚಿ ಕ್ಯಾಂಪ್‌ಬೆಲ್ ಅಸುನೀಗಿದರು. 2001ರಲ್ಲಿ ಎಂಜಿನಿಯರ್ ಬಿಲ್ ಸ್ಮಿತ್ ಅವರ ತಂಡ ಅವಶೇಷವನ್ನು ಮೇಲೆತ್ತಿತು. 2006ರಲ್ಲಿ ಕ್ಯಾಂಪ್‌ಬೆಲ್ ಕುಟುಂಬದವರು ಅದನ್ನು ಕಾನಿಸ್ಟನ್‌ನ ರಸ್ಕಿನ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ದುರಸ್ತಿಯ ಹೊಣೆಯನ್ನು ಸ್ಮಿತ್ ಮತ್ತು ಅವರ ಸ್ವಯಂಸೇವಕರು ವಹಿಸಿಕೊಂಡರು.

ದೋಣಿಯ ಚೌಕಟ್ಟು ಉಕ್ಕಿನ ಕೊಳವೆಗಳದ್ದು. ಹೊರಮೈ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ನಜ್ಜುಗುಜ್ಜಾದ ಇಂತಹ ತಗಡನ್ನು ಹಾಗೆಯೇ ಬಡಿದರೆ ಅದು ಇನ್ನಷ್ಟು ಗಡಸಾಗಿ ಬಿರುಕು ಬಿಡುತ್ತದೆ. ಆದುದರಿಂದ ರಿವೆಟ್ ಬಿಡಿಸಿ, ತಗಡನ್ನು ಕಾಯಿಸಿ ಮೆದುಗೊಳಿಸಿ, ಅನಂತರ ಸುತ್ತಿಗೆಯಿಂದ ಹಂತಹಂತವಾಗಿ ಆಕಾರಕ್ಕೆ ತರಬೇಕು. ಅಲ್ಯೂಮಿನಿಯಂ ಕಾದರೂ ಕೆಂಪಾಗಿ ಕಾಣುವುದಿಲ್ಲ. ಸಾಬೂನು ಸವರಿ, ಅದು ಕಪ್ಪಾದಾಗ ಶಾಖ ಸಾಕೆಂದು ತಿಳಿಯುವುದು ಕಸಬುದಾರರ ಹಳೆಯ ಕ್ರಮ. ತುಕ್ಕು ತಿಂದ ಕಡೆ ಹೊಸ ತುಂಡನ್ನು ಬೆಸುಗೆ ಹಾಕಬೇಕು. ಅಲ್ಯೂಮಿನಿಯಂ ಮೇಲ್ಮೈಯ ಆಕ್ಸೈಡ್ ಪದರಕ್ಕೆ ಬಣ್ಣ ಸರಿಯಾಗಿ ಹಿಡಿಯದು. ಹಾಗಾಗಿ ಜಿಡ್ಡು ತೆಗೆದು, ಎಚಿಂಗ್ ಪ್ರೈಮರ್ ಬಳಿದು, ಉಜ್ಜಿ ನಯಗೊಳಿಸಿದ ಬಳಿಕವೇ ಮೇಲಿನ ಬಣ್ಣ. ಕೆ7ಕ್ಕೆ ಬಳಿದದ್ದು ಅದರ ಮೂಲ ನೀಲಿ ಬಣ್ಣವನ್ನೇ.

ಬಣ್ಣ ಬಿದ್ದ ಮೇಲೆ ಹಳೆಯ ತಗಡು ಎಲ್ಲಿ ಮುಗಿದು ಹೊಸದು ಎಲ್ಲಿ ಆರಂಭವಾಯಿತೆಂಬುದು ಕಣ್ಣಿಗೆ ಕಾಣುವುದಿಲ್ಲ. ಅದು ಕಾಗದಪತ್ರಗಳಲ್ಲಿ ಮಾತ್ರ ಉಳಿಯಬಲ್ಲದು.

2018ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಲಾಕ್ ಫ್ಯಾಡ್‌ನಲ್ಲಿ ದೋಣಿ ಮತ್ತೆ ನೀರಿನ ಮೇಲೆ ಓಡಿತು. ಆದರೆ ಅನಂತರ ವಿವಾದ ಬೆಳೆಯಿತು. ತಾವು ಸೇರಿಸಿದ ಹೊಸ ಭಾಗಗಳ ಮೇಲೆ ತಮಗೆ ಹಕ್ಕಿದೆಯೆಂದು ದುರಸ್ತಿಗಾರರೂ, ಇಡೀ ದೋಣಿ ತನ್ನದೆಂದು ವಸ್ತುಸಂಗ್ರಹಾಲಯವೂ ವಾದಿಸಿದವು. 2023ರಲ್ಲಿ ವಸ್ತುಸಂಗ್ರಹಾಲಯ ಕಾನೂನು ಕ್ರಮ ಕೈಗೊಂಡಿತು. ಕೊನೆಗೆ ದುರಸ್ತಿಗಾರರು ಹಕ್ಕು ಬಿಟ್ಟುಕೊಟ್ಟರು. 2024ರ ಮಾರ್ಚ್‌ನಲ್ಲಿ ದೋಣಿ ಕಾನಿಸ್ಟನ್ ಸೇರಿತು. ಓಡಬಲ್ಲ ದೋಣಿ ಸಿದ್ಧವಾದ ಮೇಲೂ ಐದು ವರ್ಷಗಳಿಗೂ ಮಿಕ್ಕಿ ಅದು ಮನೆ ಸೇರಿರಲಿಲ್ಲ.

ನಮ್ಮ ದೇಶದಲ್ಲಿ ಇಂತಹ ಸಂದರ್ಭಕ್ಕೆ 1872ರ ಭಾರತೀಯ ಕರಾರು ಅಧಿನಿಯಮ ಅನ್ವಯಿಸುತ್ತದೆ. ಕಲಂ 170ರ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಶ್ರಮ ಅಥವಾ ಕೌಶಲ ವಿನಿಯೋಗಿಸಿ ಕೆಲಸ ಮಾಡಿದವರು ಮಜೂರಿ ಸಲ್ಲುವವರೆಗೆ ಸ್ವತ್ತನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಮಾಲೀಕರ ಒಪ್ಪಿಗೆಯಿಂದ ಇಬ್ಬರ ಸರಕೂ ಬೆರೆತರೆ ಅವರವರ ಪಾಲಿನಷ್ಟು ಹಕ್ಕು ಇಬ್ಬರಿಗೂ ಉಂಟೆಂದು ಕಲಂ 155 ಹೇಳುತ್ತದೆ. ಮಾತು ಸ್ಪಷ್ಟವಿಲ್ಲದಿದ್ದರೆ ಇವೆರಡೂ ವಾದಕ್ಕೆ ಎಡೆಮಾಡಿಕೊಡಬಲ್ಲವು.

ಆದುದರಿಂದ ಸದಸ್ಯ ಬಾಂಧವರು ದುರಸ್ತಿಗೆ ಮೊದಲೇ ಲಿಖಿತ ಒಪ್ಪಂದದಲ್ಲಿ ಈ ಅಂಶಗಳನ್ನು ನಮೂದಿಸುವುದು ಕ್ಷೇಮಕರ:

1. ಅಳವಡಿಸಿದ ಹೊಸ ಭಾಗ ಯಾವ ಹಂತದಲ್ಲಿ ಮಾಲೀಕರದಾಗುತ್ತದೆ.

2. ತೆಗೆದ ಹಳೆಯ ಭಾಗ ಮತ್ತು ಗುಜರಿಯ ಬೆಲೆ ಯಾರಿಗೆ ಸೇರಬೇಕು.

3. ಖರ್ಚಿನ ಮಿತಿ, ಹಿಂತಿರುಗಿಸುವ ದಿನಾಂಕ ಮತ್ತು ವಿಮೆಯ ಹೊಣೆ.

4. ಬಣ್ಣ ಬಳಿಯುವ ಮುನ್ನ ಪ್ರತಿ ಭಾಗದ ಛಾಯಾಚಿತ್ರ ಹಾಗೂ ಪಟ್ಟಿ. ಸಾಮಗ್ರಿಗೂ ಮಜೂರಿಗೂ ಪ್ರತ್ಯೇಕ ಬಿಲ್ಲು.

5. ಉಚಿತವಾಗಿ ದೊರೆತ ಶ್ರಮ ಮತ್ತು ಬಿಡಿಭಾಗಗಳ ವಿವರ. ಬಿಲ್ಲಿಲ್ಲದ ಕೆಲಸದ ಬಗೆಗೇ ಮುಂದೆ ಭಿನ್ನಾಭಿಪ್ರಾಯ ಹೆಚ್ಚು.

ಪರಿಚಯಸ್ಥರೊಡನೆ ಇದನ್ನೆಲ್ಲ ಬರೆಯುವುದು ಸಂಕೋಚದ ವಿಷಯವೆಂದು ಅನೇಕರು ಭಾವಿಸುತ್ತಾರೆ. ವಿಶ್ವಾಸವಿರುವಾಗಲೇ ಬರೆದಿಟ್ಟರೆ ಆ ವಿಶ್ವಾಸವೂ ಉಳಿಯುತ್ತದೆ, ಸ್ವತ್ತೂ ಸಕಾಲಕ್ಕೆ ಕೈಸೇರುತ್ತದೆ.