ಶರೀಫರ ಪದಕ್ಕೆ ಗಿಟಾರಿನ ಶ್ರುತಿ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಅಭ್ಯಾಸ ಮಾಡಿದ್ದು ಭರತನಾಟ್ಯ. ಗಿಟಾರು ಕೈಗೆ ಬಂದದ್ದು ಅನಂತರ. ತಾವೇ ಹಾಡು ಕಟ್ಟಿ ಹಾಡುವ ಈ ಗಾಯಕರ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಸ್ವಂತ ರಚನೆಗಳೊಡನೆ ಶಿಶುನಾಳ ಶರೀಫರ (1819–1889) ತತ್ತ್ವಪದಗಳೂ ಅದರಲ್ಲಿದ್ದುವು.

ಇದು ಸಾಹಸವೇ ಸರಿ. ಶರೀಫರೆಂದೊಡನೆ ಕನ್ನಡಿಗರ ಕಿವಿಯಲ್ಲಿ ಮೊಳಗುವುದು ಸಿ. ಅಶ್ವತ್ಥರ ಕಂಠ. ಅದರೆದುರು ಹೊಸ ಮಟ್ಟು ನಿಂತೀತೆ? ನಿಂತಿತು. ನಗರದ ತರುಣರು ಆ ಪದಗಳನ್ನು ಗುನುಗಿದರು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿಯೂ ದೀಕ್ಷಿತರು ಹಾಡಿದರು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದು ಅವರ ರೂಢಿ. ನೃತ್ಯಾಭ್ಯಾಸದ ಋಣ ಹೀಗೆ ಉಳಿದಿದೆ.

ಬಾಯಿಂದ ಬಾಯಿಗೆ ಹರಿದು ಬಂದ ತತ್ತ್ವಪದಕ್ಕೆ ಇಂಥದೇ ಮಟ್ಟು ಎಂಬ ಕಟ್ಟಳೆಯಿಲ್ಲ. ವಾದ್ಯ ಯಾವುದಾದರೇನು, ಮಾತಿನ ಅರ್ಥ ಕೇಳುವವರ ಎದೆಗೆ ತಲಪಿದರೆ ಸಾಕು.